ಇಸಬ್‌ಗೋಲ್ ಮತ್ತು ಬೀಜದ ಹೊಟ್ಟಿನ ನಾರು: ಪದೇ ಪದೇ ಕೇಳುವ ಪ್ರಶ್ನೆಗಳು

ಇಸಬ್‌ಗೋಲ್ ಅಂದರೆ ನಿಜವಾಗಿ ಏನು? ಬೀಜವೋ, ಬೇರೋ, ಪುಡಿಯೋ?

ಪ್ಲಾಂಟಾಗೊ ಒವಾಟಾ ಎಂಬ ಮೊಣಕಾಲೆತ್ತರದ ಒಂದು ಗಿಡದ ಬೀಜವನ್ನು ಸುತ್ತಿಕೊಂಡಿರುವ ತೆಳು ಹೊಟ್ಟು. ಬೀಜವನ್ನು ಗಿರಣಿಯಲ್ಲಿ ಉಜ್ಜಿ, ಗಾಳಿಗೆ ತೂರಿ ಈ ಹೊಟ್ಟನ್ನು ಬೇರ್ಪಡಿಸುತ್ತಾರೆ. ಬೀಜದ ತೂಕದ ಸುಮಾರು ಕಾಲು ಭಾಗದಷ್ಟು ಹೊಟ್ಟು ಸಿಗುತ್ತದೆ. ಉಳಿದದ್ದು ಬಹುಪಾಲು ದನಗಳ ಮೇವಿಗೆ ಹೋಗುತ್ತದೆ. ಅಂದರೆ ಇಲ್ಲಿ ಲೆಕ್ಕ ತಿರುವುಮುರುವು. ತೊಗರಿಯಲ್ಲಿ ನಾವು ಬೇಳೆ ಇಟ್ಟುಕೊಂಡು ಹೊಟ್ಟನ್ನು ಎಮ್ಮೆಗೆ ಹಾಕುತ್ತೇವೆ, ಇಸಬ್‌ಗೋಲಿನಲ್ಲಿ ಹೊಟ್ಟು ಮನುಷ್ಯರಿಗೆ, ತಿರುಳು ಎಮ್ಮೆಗೆ.

ಔಷಧ ಅಂಗಡಿಯಲ್ಲೂ ಗ್ರಂಥಿಗೆ ಅಂಗಡಿಯಲ್ಲೂ ‘ಸತ್ ಇಸಬ್‌ಗೋಲ್’ ಎಂದು ಕೇಳಿದರೆ ಕೊಡುವುದು ಈ ಹೊಟ್ಟನ್ನೇ. ವಿದೇಶದಲ್ಲಿರುವವರು ‘ಸಿಲಿಯಂ ಹಸ್ಕ್’ ಎಂದು ಹುಡುಕಬೇಕು, ಅದೇ ವಸ್ತು.

ಇದು ಎಲ್ಲಿ ಬೆಳೆಯುತ್ತದೆ? ಕರ್ನಾಟಕದಲ್ಲಿ ಏಕೆ ಕಾಣುವುದಿಲ್ಲ?

ಗುಜರಾತಿನ ಮೆಹಸಾಣಾ, ಬನಾಸ್‌ಕಾಂಠಾ ಕಡೆ, ರಾಜಸ್ಥಾನದ ಪಶ್ಚಿಮ ಜಿಲ್ಲೆಗಳಲ್ಲಿ. ಜಗತ್ತಿಗೆ ಅತಿ ಹೆಚ್ಚು ಇಸಬ್‌ಗೋಲ್ ಕೊಡುವ ದೇಶ ಭಾರತ. ವ್ಯಾಪಾರದ ಕೇಂದ್ರ ಮೆಹಸಾಣಾ ಜಿಲ್ಲೆಯ ಊಂಝಾ, ಜೀರಿಗೆ ಮಾರುಕಟ್ಟೆಗೆ ಹೆಸರಾದ ಅದೇ ಊರು. ಇದು ಹಿಂಗಾರಿನ ಬೆಳೆ. ನವೆಂಬರ್ ಹೊತ್ತಿಗೆ ಬಿತ್ತಿ, ಫೆಬ್ರವರಿ–ಮಾರ್ಚ್‌ನಲ್ಲಿ ಕೊಯ್ಲು. ತೆನೆ ಮಾಗುವಾಗ ಒಣ ಹವೆ ಬೇಕೇಬೇಕು. ಆಗ ಒಂದು ಮಳೆ ಬಿದ್ದರೂ ಬೀಜ ನೀರು ಕುಡಿದು ಉಬ್ಬಿ ಉದುರಿಹೋಗುತ್ತದೆ, ರೈತನ ಕೈಗೆ ಏನೂ ಸಿಗುವುದಿಲ್ಲ. ನಿಮ್ಮ ಲೋಟದಲ್ಲಿ ಕೆಲಸಕ್ಕೆ ಬರುವ ಗುಣವೇ ಹೊಲದಲ್ಲಿ ಅವನಿಗೆ ಶತ್ರು.

ಹೊಟ್ಟೆಯೊಳಗೆ ಹೋದಮೇಲೆ ಇದು ಮಾಡುವುದಾದರೂ ಏನು?

ನಾರಿನಂಶ ಎಂದು ಒಂದೇ ಹೆಸರಲ್ಲಿ ಕರೆದರೂ ಎಲ್ಲ ನಾರೂ ಒಂದೇ ಕೆಲಸ ಮಾಡುವುದಿಲ್ಲ. ಮುಂದಿನ ಅರ್ಧದಷ್ಟು ಪ್ರಶ್ನೆಗಳಿಗೆ ಉತ್ತರ ಇಲ್ಲೇ ಇದೆ.

ಇಸಬ್‌ಗೋಲ್ ಹೊಟ್ಟಿನ ಮುಖ್ಯ ಅಂಶ ಅರಾಬಿನೋಕ್ಸೈಲಾನ್ ಎಂಬ ಸಂಕೀರ್ಣ ಸಕ್ಕರೆಯ ಸರಪಳಿ. ಅದನ್ನು ಒಡೆಯುವ ಕಿಣ್ವ ನಮ್ಮ ಜೀರ್ಣಾಂಗದಲ್ಲಿ ಇಲ್ಲ. ನೀರು ಸಿಕ್ಕಿದ ಕೂಡಲೇ ಅದು ತನ್ನ ತೂಕದ ಎಷ್ಟೋ ಪಟ್ಟು ನೀರನ್ನು ಹಿಡಿದುಕೊಂಡು ದಪ್ಪ ಲೋಳೆಯಾಗುತ್ತದೆ. ಈ ಲೋಳೆ ಸಣ್ಣ ಕರುಳಿನಲ್ಲಿ ಊಟದ ಜೊತೆ ಬೆರೆತು ನಿಧಾನವಾಗಿ ಸಾಗುತ್ತದೆ. ಆದ್ದರಿಂದ ಅನ್ನದ, ಮುದ್ದೆಯ ಸಕ್ಕರೆ ಅಂಶ ರಕ್ತಕ್ಕೆ ಒಮ್ಮೆಲೇ ಏರದೆ ಸ್ವಲ್ಪಸ್ವಲ್ಪವೇ ಏರುತ್ತದೆ. ಪಿತ್ತರಸದ ಆಮ್ಲಗಳೂ ಅದರಲ್ಲಿ ಸಿಕ್ಕಿಕೊಂಡು ಹೊರಗೆ ಹೋಗುತ್ತವೆ.

ದೊಡ್ಡ ಕರುಳಿಗೆ ಬಂದಮೇಲೆ ಬೇರೆ ಅನೇಕ ಕರಗುವ ನಾರುಗಳನ್ನು ಅಲ್ಲಿನ ಬ್ಯಾಕ್ಟೀರಿಯಾ ತಿಂದು ಮುಗಿಸುತ್ತವೆ. ಲೋಳೆಯೂ ಹೋಯಿತು, ನೀರೂ ಹೋಯಿತು. ಇಸಬ್‌ಗೋಲ್ ಹಾಗೆ ಸುಲಭವಾಗಿ ಹುದುಗುವುದಿಲ್ಲ. ಕೊನೆಯವರೆಗೂ ನೀರನ್ನು ಬಿಡದೆ ಹಿಡಿದಿರುತ್ತದೆ. ಮಲ ಮೆತ್ತಗೆ, ದಪ್ಪಗೆ, ಜಾರುವಂತೆ ಬರುವುದಕ್ಕೆ ಇದೇ ಕಾರಣ.

ಗೋಧಿ ಬೂಸಾ ತಿಂದರೂ ಇದೇ ಆಗುತ್ತದಲ್ಲವೇ? ಅದಂತೂ ಅಗ್ಗ.

ಆಗುವುದಿಲ್ಲ. ಗೋಧಿಯ ಹೊಟ್ಟು ನೀರಿನಲ್ಲಿ ಕರಗದ, ಲೋಳೆಯಾಗದ ನಾರು. ಅದು ಕೆಲಸ ಮಾಡುವ ರೀತಿ ಬೇರೆ. ತರಿತರಿಯಾದ ಚೂರುಗಳು ಕರುಳಿನ ಒಳಗೋಡೆಗೆ ಉಜ್ಜುತ್ತವೆ, ಕರುಳು ಪ್ರತಿಯಾಗಿ ನೀರು ಮತ್ತು ಲೋಳೆ ಸುರಿಸುತ್ತದೆ, ಮಲ ಬೇಗ ಮುಂದೆ ಸಾಗುತ್ತದೆ. ತರಿ ದಪ್ಪಗಿದ್ದಷ್ಟೂ ಈ ಕೆಲಸ ಚೆನ್ನಾಗಿ ನಡೆಯುತ್ತದೆ. ಅದನ್ನೇ ನುಣ್ಣಗೆ ಬೀಸಿ ಬಿಸ್ಕೆಟ್ಟಿನಲ್ಲಿ ಹಾಕಿದರೆ ಆ ಪರಿಣಾಮ ಹೋಗುತ್ತದೆ. ಕೆಲವರಿಗೆ ಮಲ ಇನ್ನಷ್ಟು ಗಟ್ಟಿಯಾಗುವುದೂ ಉಂಟು. ‘ಹೈ ಫೈಬರ್’ ಎಂದು ಬರೆದ ಬಿಸ್ಕೆಟ್ ಪೊಟ್ಟಣ ನೋಡಿ ಮರುಳಾಗುವ ಮೊದಲು ಇದು ನೆನಪಿರಲಿ.

ಕೊಲೆಸ್ಟ್ರಾಲ್ ಇಳಿಸುವುದು, ಸಕ್ಕರೆ ಏರಿಕೆ ನಿಧಾನಿಸುವುದು ಬೂಸಾದಿಂದ ಹೆಚ್ಚೇನೂ ಆಗುವುದಿಲ್ಲ. ಕರುಳು ಸೂಕ್ಷ್ಮ ಇರುವವರಿಗೆ, ಅಂದರೆ ಐಬಿಎಸ್ ಇರುವವರಿಗೆ, ಅದು ತೊಂದರೆಯನ್ನೂ ಕೊಡಬಹುದು. ನೆದರ್ಲೆಂಡ್ಸ್‌ನಲ್ಲಿ 275 ಐಬಿಎಸ್ ರೋಗಿಗಳಿಗೆ 12 ವಾರ ಇಸಬ್‌ಗೋಲ್, ಗೋಧಿ ಹೊಟ್ಟು, ಅಥವಾ ಅಕ್ಕಿಹಿಟ್ಟಿನ ಹುಸಿ ಔಷಧ ಕೊಟ್ಟು ನೋಡಿದ ಅಧ್ಯಯನ 2009ರಲ್ಲಿ ಪ್ರಕಟವಾಯಿತು. ಇಸಬ್‌ಗೋಲ್ ಪಡೆದವರಿಗೆ ಗುಣ ಹೆಚ್ಚು ಕಂಡಿತು. ಗೋಧಿ ಹೊಟ್ಟಿನ ಗುಂಪಿನಲ್ಲಿ ಹೊಟ್ಟೆ ಇನ್ನೂ ಕೆಟ್ಟಿತೆಂದು ಮಧ್ಯದಲ್ಲೇ ಬಿಟ್ಟವರೇ ಹೆಚ್ಚು. ಅಮೆರಿಕದ ಜಠರ-ಕರುಳು ತಜ್ಞರ ಸಂಘದ 2021ರ ಮಾರ್ಗಸೂಚಿ ಕೂಡ ಐಬಿಎಸ್‌ಗೆ ಕರಗುವ ನಾರನ್ನು ಮಾತ್ರ ಹೇಳುತ್ತದೆ, ಕರಗದ್ದನ್ನು ಹೇಳುವುದಿಲ್ಲ.

ಮಲಬದ್ಧತೆಗೂ ಅದೇ, ಭೇದಿಗೂ ಅದೇ ಅನ್ನುತ್ತಾರೆ. ಇದು ಹೇಗೆ ಸಾಧ್ಯ?

ನೀರು ಹಿಡಿಯುವುದೊಂದೇ ಅದರ ಕೆಲಸ. ಗಟ್ಟಿಯಾಗಿದ್ದರೆ ನೀರು ಉಳಿಸಿ ಮೆತ್ತಗೆ ಮಾಡುತ್ತದೆ, ನೀರಾಗಿದ್ದರೆ ಆ ನೀರನ್ನೇ ಹೀರಿ ಒಟ್ಟುಗೂಡಿಸುತ್ತದೆ. ಉತ್ತರ ಭಾರತದ ಮನೆಗಳಲ್ಲಿ ಮಲಬದ್ಧತೆಗೆ ಬಿಸಿ ಹಾಲಿನಲ್ಲಿ, ಭೇದಿಗೆ ಮೊಸರಿನಲ್ಲಿ ಕೊಡುವ ರೂಢಿ ಇದೆ. ಆದರೆ ಜ್ವರ, ರಕ್ತ, ನಿರ್ಜಲೀಕರಣ ಇರುವ ಭೇದಿಗೆ ಇದು ಮದ್ದಲ್ಲ. ಅಲ್ಲಿ ಓಆರ್‌ಎಸ್ ಮತ್ತು ವೈದ್ಯರೇ ಮೊದಲು.

ಕೊಲೆಸ್ಟ್ರಾಲ್ ನಿಜಕ್ಕೂ ಇಳಿಯುತ್ತದೆಯೇ?

ಇಳಿಯುತ್ತದೆ, ಆದರೆ ಎಷ್ಟು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಿ. ದಿನಕ್ಕೆ ಸುಮಾರು 10 ಗ್ರಾಂ ಹೊಟ್ಟನ್ನು ಕೆಲವು ವಾರ ಬಿಡದೆ ತೆಗೆದುಕೊಂಡರೆ ಎಲ್‌ಡಿಎಲ್, ಅಂದರೆ ಕೆಟ್ಟ ಕೊಲೆಸ್ಟ್ರಾಲ್, ಶೇ 5ರಿಂದ 10ರಷ್ಟು ತಗ್ಗಬಹುದು. ಪಿತ್ತರಸದ ಆಮ್ಲಗಳು ಲೋಳೆಯೊಂದಿಗೆ ಹೊರಹೋದಾಗ ಯಕೃತ್ತು ಹೊಸ ಪಿತ್ತರಸ ಮಾಡಿಕೊಳ್ಳಬೇಕು. ಅದಕ್ಕೆ ಬೇಕಾದ ಕೊಲೆಸ್ಟ್ರಾಲನ್ನು ರಕ್ತದಿಂದ ಎಳೆದುಕೊಳ್ಳುತ್ತದೆ. ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 1998ರಲ್ಲಿ, ದಿನಕ್ಕೆ 7 ಗ್ರಾಂ ಕರಗುವ ನಾರು ಕೊಡುವಷ್ಟು ಇಸಬ್‌ಗೋಲ್ ಇರುವ ಆಹಾರ ಹೃದಯರೋಗದ ಅಪಾಯ ಕಡಿಮೆ ಮಾಡಬಹುದು ಎಂದು ಪೊಟ್ಟಣದ ಮೇಲೆ ಬರೆಯಲು ಒಪ್ಪಿಗೆ ಕೊಟ್ಟಿತು. ಆ 7 ಗ್ರಾಂ ಸಿಗುವುದು ಸುಮಾರು 10 ಗ್ರಾಂ ಹೊಟ್ಟಿನಿಂದ.

ಡಾಕ್ಟರ್ ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬರೆದುಕೊಟ್ಟಿದ್ದರೆ ಅದನ್ನು ಬಿಟ್ಟು ಇದನ್ನು ಹಿಡಿಯಬೇಡಿ. ಮಾತ್ರೆಯ ಜೊತೆಗೆ ಇದೂ ಸೇರಿದರೆ ಒಂದಿಷ್ಟು ಹೆಚ್ಚಿನ ಲಾಭ ಇದೆ, ಅಷ್ಟೇ. ಮತ್ತು ಕುಡಿಯುವುದು ನಿಲ್ಲಿಸಿದರೆ ಲಾಭವೂ ನಿಲ್ಲುತ್ತದೆ.

ಸಕ್ಕರೆ ಕಾಯಿಲೆ ಇರುವವರಿಗೆ?

ಒಳ್ಳೆಯದೇ. ಊಟಕ್ಕೆ ತುಸು ಮೊದಲು ತೆಗೆದುಕೊಂಡರೆ ಊಟದ ನಂತರದ ಏರಿಕೆ ಕಡಿಮೆಯಾಗುತ್ತದೆ. ಸಕ್ಕರೆ ಹತೋಟಿ ತಪ್ಪಿದವರಲ್ಲಿ ಪರಿಣಾಮ ಹೆಚ್ಚು, ಸಾಮಾನ್ಯ ಇರುವವರಲ್ಲಿ ಏನೂ ಕಾಣುವುದಿಲ್ಲ. ಇನ್ಸುಲಿನ್ ಅಥವಾ ಬಲವಾದ ಮಾತ್ರೆ ತೆಗೆದುಕೊಳ್ಳುವವರು ಶುರು ಮಾಡುವಾಗ ಗ್ಲುಕೋಮೀಟರಿನಲ್ಲಿ ನೋಡಿಕೊಳ್ಳುತ್ತಿರಬೇಕು, ಸಕ್ಕರೆ ತೀರ ಇಳಿಯಬಾರದು. ಇನ್ನೊಂದು ಮಾತು: ಕಿತ್ತಳೆ ರುಚಿಯ ಬಣ್ಣದ ಪುಡಿಗಳಲ್ಲಿ ಕೆಲವಕ್ಕೆ ಸಕ್ಕರೆಯನ್ನೇ ಸುರಿದಿರುತ್ತಾರೆ. ಸಾದಾ ಬಿಳಿ ಹೊಟ್ಟೇ ಸಾಕು.

ತೂಕ ಇಳಿಯುತ್ತದೆಯೇ?

ಹೊಟ್ಟೆ ತುಂಬಿದಂತೆ ಅನಿಸಿ ಎರಡನೇ ಸಲ ಅನ್ನ ಬಡಿಸಿಕೊಳ್ಳದಿದ್ದರೆ ಸ್ವಲ್ಪ ಸಹಾಯ. ಅದಕ್ಕಿಂತ ಹೆಚ್ಚು ಹೇಳುವ ವಿಡಿಯೋಗಳನ್ನು ನಂಬಬೇಡಿ.

ಎಷ್ಟು, ಯಾವಾಗ, ಹೇಗೆ ತೆಗೆದುಕೊಳ್ಳಬೇಕು?

ಒಂದು ಟೀ ಚಮಚದಿಂದ ಶುರು ಮಾಡಿ. ಒಂದು ದೊಡ್ಡ ಲೋಟ ನೀರಿಗೆ, ಅಂದರೆ ಸುಮಾರು 250 ಮಿಲಿಲೀಟರಿಗೆ ಹಾಕಿ, ಕದಡಿ, ಗಟ್ಟಿಯಾಗುವ ಮೊದಲೇ ಕುಡಿಯಿರಿ. ಮೇಲೆ ಇನ್ನಷ್ಟು ನೀರು ಕುಡಿದರೆ ಇನ್ನೂ ಒಳ್ಳೆಯದು. ಒಂದು ವಾರ ನೋಡಿ, ಹೊಟ್ಟೆ ಒಗ್ಗಿಕೊಂಡರೆ ಮಾತ್ರ ಎರಡು ಚಮಚಕ್ಕೆ ಅಥವಾ ದಿನಕ್ಕೆ ಎರಡು ಸಲಕ್ಕೆ ಏರಿಸಿ. ಹೊಟ್ಟು ಹಗುರ, ಅದನ್ನೇ ಬೀಸಿದ ಪುಡಿ ಭಾರ. ಒಂದು ಚಮಚ ಪುಡಿಯಲ್ಲಿ ಒಂದು ಚಮಚ ಹೊಟ್ಟಿಗಿಂತ ಹೆಚ್ಚು ನಾರು ಇರುತ್ತದೆ, ಅಳತೆ ಬದಲಿಸಿಕೊಳ್ಳಿ.

ರಾತ್ರಿ ಕುಡಿಯುವುದು ನಮ್ಮಲ್ಲಿ ರೂಢಿ. ಅಡ್ಡಿಯಿಲ್ಲ, ಆದರೆ ಕುಡಿದ ತಕ್ಷಣ ಅಡ್ಡಾಗಬೇಡಿ. ಮರುದಿನ ಬೆಳಿಗ್ಗೆಯೇ ಪರಿಣಾಮ ಕಾಣಲಿಲ್ಲವೆಂದು ಅಳತೆ ದುಪ್ಪಟ್ಟು ಮಾಡುವುದೂ ಬೇಡ. ಕೆಲಸ ಶುರುವಾಗಲು 12ರಿಂದ 72 ಗಂಟೆ ಹಿಡಿಯಬಹುದು.

ನೀರು, ನೀರು ಎಂದು ಇಷ್ಟೊಂದು ಒತ್ತಿ ಹೇಳುವುದೇಕೆ? ಒಣಗಿದ್ದನ್ನೇ ಬಾಯಿಗೆ ಹಾಕಿಕೊಂಡು ಒಂದು ಗುಟುಕು ಕುಡಿದರೆ ಸಾಲದೇ?

ಸಾಲದು, ಅಪಾಯ. ಒಣ ಹೊಟ್ಟು ಗಂಟಲಲ್ಲಿ, ಅನ್ನನಾಳದಲ್ಲಿ ಅಂಟಿಕೊಂಡು ಅಲ್ಲೇ ಉಬ್ಬಿದರೆ ದಾರಿ ಮುಚ್ಚುತ್ತದೆ. ಉಸಿರುಗಟ್ಟಬಹುದು, ಎಂಡೋಸ್ಕೋಪಿ ಮಾಡಿ ತೆಗೆಯಬೇಕಾಗಬಹುದು. ಹರಳಿನ ರೂಪದ ಇಸಬ್‌ಗೋಲಿನಿಂದ ಇಂಥ ಪ್ರಕರಣಗಳು ಮರುಕಳಿಸಿದ್ದರಿಂದ ಎಫ್‌ಡಿಎ 2007ರಲ್ಲಿ ಆ ರೂಪವನ್ನು ಚೀಟಿಯಿಲ್ಲದೆ ಮಾರುವ ವಿರೇಚಕಗಳ ಪಟ್ಟಿಯಿಂದಲೇ ಹೊರಗಿಟ್ಟಿತು. ಕರುಳಿನಲ್ಲೂ ಅದೇ ಕಥೆ. ನೀರು ಸಾಲದಿದ್ದರೆ ಮಲ ಸಡಿಲವಾಗುವ ಬದಲು ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ.

ಮನೆಯ ಹಿರಿಯರ ವಿಷಯದಲ್ಲಿ ಎಚ್ಚರ. ಪಾರ್ಶ್ವವಾಯು ಆದವರು, ಪಾರ್ಕಿನ್ಸನ್ ಇರುವವರು, ಊಟ ಮಾಡುವಾಗ ನೆತ್ತಿಗೇರಿಸಿಕೊಳ್ಳುವವರು, ಹಾಸಿಗೆ ಹಿಡಿದವರು, ಇವರಿಗೆ ನೀವಾಗಿಯೇ ಇದನ್ನು ಕೊಡಬೇಡಿ. ರಾತ್ರಿ ಏಳಬೇಕಾಗುತ್ತದೆ ಎಂದು ನೀರನ್ನೇ ಕಡಿಮೆ ಮಾಡಿಕೊಂಡಿರುವ ಅಜ್ಜಿಯರಿಗೆ ಮಲಬದ್ಧತೆಯ ಮೊದಲ ಮದ್ದು ಹಗಲಿನಲ್ಲಿ ಕುಡಿಯುವ ನೀರೇ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದ ‘ದಿನಕ್ಕೆ ಇಷ್ಟೇ ನೀರು’ ಎಂದು ಡಾಕ್ಟರ್ ಮಿತಿ ಹಾಕಿದ್ದರೆ ಅವರನ್ನು ಕೇಳದೆ ಮುಟ್ಟಲೇಬಾರದು.

ಹೊಟ್ಟೆ ಉಬ್ಬರ, ಗ್ಯಾಸ್ ಆಗುತ್ತಿದೆ. ನಿಲ್ಲಿಸಲೇ?

ಅಳತೆ ಅರ್ಧ ಮಾಡಿ, ವಾರ ಬಿಟ್ಟು ಏರಿಸಿ. ಕಾಳು, ಕೋಸುಗಳಿಗೆ ಹೋಲಿಸಿದರೆ ಇಸಬ್‌ಗೋಲ್ ಗ್ಯಾಸ್ ಮಾಡುವುದು ಕಡಿಮೆ. ಆದರೂ ಎಲ್ಲರ ಕರುಳೂ ಒಂದೇ ಥರ ಇರುವುದಿಲ್ಲ.

ದಿನಾ ಕುಡಿದರೆ ಅದಿಲ್ಲದೆ ಆಗುವುದೇ ಇಲ್ಲ ಎನ್ನುವಂತೆ ಅಭ್ಯಾಸವಾಗಿಬಿಡುತ್ತದೆಯೇ?

ಸಾದಾ ಇಸಬ್‌ಗೋಲ್ ಹಾಗಲ್ಲ. ಅದು ಕರುಳಿನ ನರಗಳನ್ನು ಕೆರಳಿಸುವುದಿಲ್ಲ, ಮಲದ ಗಾತ್ರವನ್ನಷ್ಟೇ ಹೆಚ್ಚಿಸುತ್ತದೆ. ವರ್ಷಗಟ್ಟಲೆ ಕುಡಿಯುವವರಿದ್ದಾರೆ. ಈ ಭಯ ಹುಟ್ಟಿದ್ದು ಸೋನಾಮುಖಿ ಎಲೆಯಂಥ, ಕರುಳನ್ನು ಚುರುಕುಗೊಳಿಸುವ ವಿರೇಚಕಗಳಿಂದ. ತಮಾಷೆಯೆಂದರೆ ಅಂಗಡಿಯ ‘ಹೊಟ್ಟೆ ಸ್ವಚ್ಛ’ ಚೂರ್ಣಗಳಲ್ಲಿ ಎಷ್ಟೋ ಇಸಬ್‌ಗೋಲಿನ ಚಿತ್ರ ಹಾಕಿಕೊಂಡು ಒಳಗೆ ಸೋನಾಮುಖಿಯನ್ನೂ ಬೆರೆಸಿರುತ್ತವೆ. ರಾತ್ರಿ ಕುಡಿದು ಬೆಳಿಗ್ಗೆ ಹೊಟ್ಟೆ ಹಿಂಡಿದಂತಾದರೆ ಪೊಟ್ಟಣದ ಹಿಂಬದಿಯ ಸಣ್ಣಕ್ಷರ ಓದಿ.

ಬೇರೆ ಮಾತ್ರೆಗಳ ಜೊತೆ ತೆಗೆದುಕೊಳ್ಳಬಹುದೇ?

ಒಟ್ಟಿಗೇ ಬೇಡ. ಲೋಳೆ ಔಷಧವನ್ನೂ ಹಿಡಿದಿಟ್ಟುಕೊಳ್ಳಬಹುದು. ಕನಿಷ್ಠ ಎರಡು ಗಂಟೆ ಅಂತರ ಇರಲಿ. ಥೈರಾಯ್ಡ್ ಮಾತ್ರೆ, ಡಿಗಾಕ್ಸಿನ್, ಲಿಥಿಯಂ, ಕಾರ್ಬಮಜೆಪಿನ್, ರಕ್ತ ತೆಳುವಾಗಿಸುವ ವಾರ್ಫರಿನ್, ಕಬ್ಬಿಣದ ಮಾತ್ರೆ, ಇವುಗಳಲ್ಲಿ ಯಾವುದಿದ್ದರೂ ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿಯೇ ಶುರು ಮಾಡಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ಥೈರಾಯ್ಡ್ ಮಾತ್ರೆ ನುಂಗುವವರು ಇಸಬ್‌ಗೋಲನ್ನು ಸಂಜೆಗೆ ಇಟ್ಟುಕೊಳ್ಳುವುದೇ ಸಲೀಸು.

ಪುಡಿ, ಪೊಟ್ಟಣ ಬೇಡ. ನಮ್ಮ ಅಡುಗೆಯಲ್ಲೇ ಬೀಜದ ಹೊಟ್ಟಿನ ನಾರು ಸಿಗುವುದಿಲ್ಲವೇ?

ಈ ಪ್ರಶ್ನೆಯನ್ನು ಮೊದಲು ಕೇಳುವವರು ಕಡಿಮೆ, ಕೇಳಬೇಕಾದದ್ದು ಇದನ್ನೇ.

ಕಾಳಿನಲ್ಲಿ ನಾರಿನ ದೊಡ್ಡ ಪಾಲು ಸಿಪ್ಪೆಯಲ್ಲಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಆಹಾರ ಪೋಷಕಾಂಶ ಕೋಷ್ಟಕದ ಪ್ರಕಾರ 100 ಗ್ರಾಂ ಇಡೀ ಉದ್ದಿನಕಾಳಿನಲ್ಲಿ ಸುಮಾರು 20 ಗ್ರಾಂ ನಾರಿದೆ, ಉದ್ದಿನಬೇಳೆಯಲ್ಲಿ 12. ಇಡೀ ಹೆಸರುಕಾಳಿನಲ್ಲಿ 17, ಹೆಸರುಬೇಳೆಯಲ್ಲಿ 9. ಕಡಲೆಕಾಳಿನಲ್ಲಿ 25, ಕಡಲೆಬೇಳೆಯಲ್ಲಿ 15. ಸಿಪ್ಪೆ ತೆಗೆದ ಕೂಡಲೇ ಐದರಲ್ಲಿ ಎರಡು ಪಾಲು ಹೋಯಿತು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕೆಂದಿತು, ಅದೂ ಆಹಾರದಲ್ಲೇ ಸಹಜವಾಗಿ ಇರುವ ನಾರು. ಬಿಳಿ ಅನ್ನ, ಬೇಳೆ ಸಾರು, ಇಡ್ಲಿಯಲ್ಲೇ ದಿನ ಕಳೆಯುವವರಿಗೆ ಇದು ಸುಲಭವಾಗಿ ಮುಟ್ಟುವ ಗುರಿಯಲ್ಲ.

ಹಿಂದೆ ಇಡ್ಲಿಗೆ ಸಿಪ್ಪೆ ಉದ್ದನ್ನು ನೆನೆಹಾಕಿ, ತೊಳೆದು, ಕರಿ ಸಿಪ್ಪೆ ತೇಲಿಸಿ ಚೆಲ್ಲುತ್ತಿದ್ದರು, ಎಷ್ಟು ತೊಳೆದರೂ ಸ್ವಲ್ಪ ಉಳಿಯುತ್ತಿತ್ತು. ಈಗ ಬೆಳ್ಳಗೆ ಹೊಳೆಯುವ ಗುಂಡು ಉದ್ದು ಅಂಗಡಿಯಲ್ಲೇ ಸಿಗುತ್ತದೆ. ಅವರೆಯ ಕಾಲದಲ್ಲಂತೂ ಮನೆಯವರೆಲ್ಲ ಕೂತು ಕಾಳು ಹಿದುಕಿ ಸಿಪ್ಪೆ ಗುಡ್ಡೆ ಹಾಕುತ್ತೇವೆ. ಹಿದುಕಿದ ಬೇಳೆ ಸಾರನ್ನು ಬಿಡಿ ಎಂದು ಹೇಳುವಷ್ಟು ಅರಸಿಕತನ ಈ ಪುಟಕ್ಕಿಲ್ಲ. ವಾರದಲ್ಲಿ ಉಳಿದ ದಿನ ಸಿಪ್ಪೆ ಸಮೇತ ತಿನ್ನಿ ಸಾಕು: ಹೆಸರುಕಾಳಿನ ಉಸಲಿ, ಮೊಳಕೆ ಕಾಳಿನ ಸಾರು, ಅಲಸಂದೆ ಪಲ್ಯ, ಕಡಲೆಕಾಳಿನ ಹುಳಿ. ರಾಗಿಯ ಒಳ್ಳೆಯತನವೂ ಇಲ್ಲೇ ಇದೆ. ಕಾಳು ಅತಿ ಚಿಕ್ಕದಾದ್ದರಿಂದ ಹೊರಕವಚದ ಸಮೇತವೇ ಬೀಸುತ್ತೇವೆ. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರು, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಹಿಟ್ಟನ್ನು ವಸ್ತ್ರಗಾಳಿಸಿ ನುಣುಪು ಮುದ್ದೆ ಕಟ್ಟುವವರು ಆ ನಾರನ್ನು ಜರಡಿಯಲ್ಲೇ ಬಿಡುತ್ತಾರೆ.

ಇಸಬ್‌ಗೋಲ್ ಮಾಡದ ಕೆಲಸವೊಂದನ್ನು ಕಾಳುಗಳು ಮಾಡುತ್ತವೆ. ಅವುಗಳ ನಾರಿನ ಒಂದು ಭಾಗ ದೊಡ್ಡ ಕರುಳಿನಲ್ಲಿ ಹುದುಗಿ, ಕರುಳಿನ ಒಳಪದರಕ್ಕೆ ಆಹಾರವಾಗುವ ಬ್ಯುಟಿರೇಟ್‌ನಂಥ ಆಮ್ಲಗಳನ್ನು ಕೊಡುತ್ತದೆ. ಗ್ಯಾಸಿಗೂ ಅದೇ ಹುದುಗುವಿಕೆ ಕಾರಣ. ನೆನೆಸಿದ ನೀರು ಚೆಲ್ಲಿ, ಮೊಳಕೆ ಬರಿಸಿ, ಚೆನ್ನಾಗಿ ಬೇಯಿಸಿದರೆ ಗ್ಯಾಸ್ ಕಡಿಮೆ. ಸಿಪ್ಪೆಯಲ್ಲಿರುವ ಟ್ಯಾನಿನ್, ಫೈಟೇಟ್ ಎಂಬ ಅಂಶಗಳು ಕಬ್ಬಿಣದ ಹೀರಿಕೆಗೆ ಅಡ್ಡ ಬರುತ್ತವೆಂಬ ಮಾತು ನಿಜವೇ. ಮೊಳಕೆ ಬಂದಾಗ ಫೈಟೇಟ್ ಇಳಿಯುತ್ತದೆ, ಉಸಲಿಗೆ ನಿಂಬೆಹುಳಿ ಹಿಂಡಿದರೆ ಕಬ್ಬಿಣ ಹೆಚ್ಚು ಸಿಗುತ್ತದೆ.

ಅಗಸೆ, ಚಿಯಾ, ಕಾಮಕಸ್ತೂರಿ ಇವೂ ಇಸಬ್‌ಗೋಲಿನಂತೆಯೇ?

ಒಂದೇ ಬಳಗ ಎನ್ನಬಹುದು. ಮೂರರ ಹೊರಪದರವೂ ನೀರಿನಲ್ಲಿ ಲೋಳೆ ಬಿಡುತ್ತದೆ. ಬಾಣಂತಿಯರಿಗೆ ಕೊಡುವ ಅಳವಿ ಬೀಜವೂ ಹಾಗೆಯೇ. ಆದರೆ ಇಲ್ಲಿ ಇಡೀ ಬೀಜ ತಿನ್ನುತ್ತೇವೆ, ಆದ್ದರಿಂದ ನಾರಿನ ಜೊತೆ ಎಣ್ಣೆ, ಪ್ರೋಟೀನ್, ಕ್ಯಾಲೊರಿ ಎಲ್ಲ ಬರುತ್ತದೆ. ಅಗಸೆಯ ಒಮೆಗಾ-3 ಒಳಗಿನ ತಿರುಳಿನಲ್ಲಿದೆ. ಇಡೀ ಬೀಜ ನುಂಗಿದರೆ ಹೆಚ್ಚಿನದು ಹಾಗೆಯೇ ಹೊರಗೆ ಹೋಗುತ್ತದೆ. ಹುರಿದು ಕುಟ್ಟಿದ ಅಗಸೆ ಚಟ್ನಿಪುಡಿಯನ್ನು ಜೋಳದ ರೊಟ್ಟಿಗೆ ಹಚ್ಚಿಕೊಳ್ಳುವ ಉತ್ತರ ಕರ್ನಾಟಕದ ಪದ್ಧತಿ ಈ ಲೆಕ್ಕದಲ್ಲಿ ಸರಿಯಾಗಿದೆ. ಚಿಯಾ ಮಧ್ಯ ಅಮೆರಿಕದ ಬೀಜ. ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐ ಇಲ್ಲಿಗೆ ಹೊಂದುವ ತಳಿಗಳನ್ನು ಕೊಟ್ಟಮೇಲೆ ಎಚ್.ಡಿ. ಕೋಟೆ ಸುತ್ತಮುತ್ತ ರೈತರು ಬೆಳೆಯುತ್ತಿದ್ದಾರೆ. ಅದನ್ನೂ ನೆನೆಸಿಯೇ ತಿನ್ನಬೇಕು, ಒಣ ಬೀಜದ ಮೇಲೆ ನೀರು ಕುಡಿದರೆ ಇಸಬ್‌ಗೋಲಿನ ಅಪಾಯವೇ ಇಲ್ಲೂ ಇದೆ.

ಮೂಲವ್ಯಾಧಿ ಇದೆ. ಸಹಾಯವಾದೀತೇ?

ಆಗುತ್ತದೆ. ನಾರು ಹೆಚ್ಚಿಸಿದರೆ ಮೂಲವ್ಯಾಧಿಯ ರಕ್ತಸ್ರಾವ ಕಡಿಮೆಯಾಗುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ತಿಣುಕುವುದು ತಪ್ಪಿದರೆ ಗುದದ ಬಿರುಕಿನ ನೋವೂ ಇಳಿಯುತ್ತದೆ. ಆದರೆ ರಕ್ತ ಬಂದದ್ದೆಲ್ಲ ಪೈಲ್ಸ್ ಎಂದು ನೀವೇ ತೀರ್ಮಾನಿಸಿ ವರ್ಷಗಟ್ಟಲೆ ಇಸಬ್‌ಗೋಲ್ ಕುಡಿಯುತ್ತ ಕೂರಬೇಡಿ. ನಾಚಿಕೆಯಿಂದ ಹೀಗೆ ಮಾಡುವವರು ಬಹಳ. ಒಮ್ಮೆ ತೋರಿಸಿಕೊಳ್ಳಿ.

ಯಾವಾಗ ಡಾಕ್ಟರ ಬಳಿ ಹೋಗಲೇಬೇಕು?

ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುತ್ತಿರುವ ತೂಕ, ರಕ್ತಹೀನತೆ, ಐವತ್ತರ ಆಸುಪಾಸಿನಲ್ಲಿ ಇದ್ದಕ್ಕಿದ್ದಂತೆ ಬದಲಾದ ಮಲದ ರೂಢಿ ಇದ್ದರೆ ನಾರಿನ ಮಾತು ಆಮೇಲೆ. ವಾಂತಿ, ತೀವ್ರ ಹೊಟ್ಟೆನೋವಿನ ಜೊತೆ ಗಾಳಿಯೂ ಹೋಗದಂತಾದರೆ ಅದು ಕರುಳು ಕಟ್ಟಿದ ಲಕ್ಷಣ, ಯಾವ ಹೊಟ್ಟನ್ನೂ ಕುಡಿಸದೆ ನೇರ ಆಸ್ಪತ್ರೆಗೆ ಹೋಗಿ. ಕುಡಿದ ಮೇಲೆ ಎದೆ ಹಿಡಿದಂತಾಗಿ ನುಂಗಲು, ಉಸಿರಾಡಲು ಕಷ್ಟವಾದರೂ ಅಷ್ಟೇ. ಕೊಲೊನೋಸ್ಕೋಪಿ ಇದ್ದರೆ ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ಅವರನ್ನೇ ಕೇಳಿ.

ಗರ್ಭಿಣಿಯರು, ಮಕ್ಕಳು?

ಇಸಬ್‌ಗೋಲ್ ರಕ್ತಕ್ಕೆ ಸೇರುವುದಿಲ್ಲ, ಗರ್ಭಿಣಿಯರಿಗೆ ವೈದ್ಯರೇ ಕೊಡುವುದುಂಟು. ಕಬ್ಬಿಣದ ಮಾತ್ರೆಯಿಂದ ದೂರವಿರಿಸಿ. ಆರು ವರ್ಷದೊಳಗಿನ ಮಕ್ಕಳಿಗೆ ಮಕ್ಕಳ ವೈದ್ಯರು ಹೇಳದೆ ಕೊಡಬೇಡಿ.

ಕೊಳ್ಳುವಾಗ ಏನು ನೋಡಬೇಕು?

ವ್ಯಾಪಾರದಲ್ಲಿ ಶೇ 85, 95, 98, 99 ಶುದ್ಧತೆಯ ದರ್ಜೆಗಳಿವೆ. ಕಡಿಮೆ ದರ್ಜೆಯಲ್ಲಿ ಬೀಜದ ಕೆಂಪು ಚೂರು, ದೂಳು ಹೆಚ್ಚು. ಪೊಟ್ಟಣ ತೆರೆದಮೇಲೆ ಗಾಳಿಯಾಡದ ಡಬ್ಬಿಗೆ ಹಾಕಿ, ಒದ್ದೆ ಚಮಚ ತಾಗಿಸಬೇಡಿ. ಪುಡಿ ಸುರಿಯುವಾಗ ಮುಖ ಹತ್ತಿರ ಒಯ್ಯಬೇಡಿ. ಇದರ ದೂಳನ್ನು ವರ್ಷಗಟ್ಟಲೆ ಉಸಿರಾಡಿದ ಕಾರ್ಖಾನೆ ಕೆಲಸಗಾರರಲ್ಲಿ, ದಾದಿಯರಲ್ಲಿ ಅಲರ್ಜಿ, ಉಬ್ಬಸ ಕಂಡುಬಂದಿದೆ. ಒಮ್ಮೆ ಅಲರ್ಜಿ ಆದವರು ಕುಡಿಯಲೂಬಾರದು.